ಬಸ್‌ಸ್ಟ್ಯಾಂಡಿನಲ್ಲಿ ಗುರುತು ಹಿಡಿಯದ ಸಿಸ್ಟರ್

ಅಕ್ಕ ಎಲ್ಲರೆದುರು ತನ್ನಷ್ಟಕ್ಕೆ ತಾನೇ ಮಾತಾಡತೊಡಗಬಹುದು. ಭಟ್ಟರು ಮಂತ್ರ ಹೇಳುವಾಗ ನಡುವೆ ಬಾಯಿ ಹಾಕಿ "ಅಲ್ಲಿ ತಪ್ಪಿತು" ಅನ್ನಬಹುದು. ನಿಜವಾಗಿಯೂ ತಪ್ಪಿದ್ದರೆ ಅದು ಇನ್ನೂ ಕಷ್ಟ. ವಾಜಂತ್ರಿಯವರ ಸದ್ದು ತಡೆಯದೆ ಎದ್ದು ಹೊರಗೆ ಹೋಗಬಹುದು. ಹೊರಗೆ ಹೋದವಳು ಸಿಕ್ಕ ಬಸ್ಸು ಹತ್ತಬಹುದು. ಆ ಬಸ್ಸು ರಾಮದುರ್ಗದ್ದಾಗಿರಬಹುದು. ಧಾರೆಯ ನೀರು ಹಾಕುವಾಗ ಕೈ ನಡುಗಿ ಗಿಂಡಿ ಜಾರಬಹುದು. ಜಾರಿದ ಗಿಂಡಿ ವರನ ಕಾಲ್ಬೆರಳ ಮೇಲೇ ಬೀಳಬಹುದು. ವರ ಕುಂಟುತ್ತ ಸಪ್ತಪದಿ ತುಳಿಯಬಹುದು. ಅದನ್ನು ವಿಡಿಯೋದವನು ಮೂರು ದಿಕ್ಕಿನಿಂದ ಹಿಡಿಯಬಹುದು. ಬೀಗರು "ಇದೇನ್ರಿ" ಅನ್ನಬಹುದು. ಬೀಗರು ಏನೂ ಅನ್ನದೆ ಇರಬಹುದು, ಅದಕ್ಕಿಂತ ಕೆಟ್ಟದ್ದಿಲ್ಲ. ಕರೆಂಟು ಹೋಗಬಹುದು. ಜನರೇಟರಿನ ಬೆಲ್ಟು ಹರಿಯಬಹುದು. ಆಗ ಎಲ್ಲರೂ ನನ್ನತ್ತ ನೋಡಬಹುದು, ಯಾಕೆಂದರೆ ನಮ್ಮ ಬಳಗದಲ್ಲಿ ಮೋಟಾರು ರಿಪೇರಿಯವನು ನಾನೊಬ್ಬನೇ. ಶ್ರೀಖಂಡ ಹುಳಿಯಾಗಬಹುದು. ಕಾಕಾನಿಗೆ ಸಿಟ್ಟು ಬರಬಹುದು. ಇದೊಂದನ್ನು 'ಬರಬಹುದು' ಎಂದು ಬರೆದದ್ದು ಬರೀ ಸಂಕೋಚಕ್ಕೆ.

ಅಕ್ಕನ ಮಗಳು ಮೇಧಾಳ ಮದುವೆಗೆ ಮೂರು ವಾರ ಇರುವಾಗ ನಾನು ಬರೆದ ಯಾದಿ ಇದು. ಇಲ್ಲಿ ಕೊಟ್ಟದ್ದು ಅರ್ಧ ಮಾತ್ರ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದು, ಮಡಚಿ ಕಿಸೆಯಲ್ಲಿಟ್ಟುಕೊಂಡು ಮೂರು ದಿನ ತಿರುಗಿದೆ. ನಾಲ್ಕನೆಯ ದಿನ ಬುಧವಾರ. ಸವದತ್ತಿಯ ದವಾಖಾನೆಗೆ ಸಿಸ್ಟರ್ ಬರುವ ದಿನ. ತೆಗೆದು ಅವರ ಕೈಗೆ ಕೊಟ್ಟೆ.

ಸಿಸ್ಟರ್ ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಓದಿದರು. ಶ್ರೀಖಂಡವನ್ನೂ ಬಿಡಲಿಲ್ಲ. ಆಮೇಲೆ ಹಾಳೆಯನ್ನು ನನ್ನ ಮಡಿಕೆಯಲ್ಲೇ ಮತ್ತೆ ಮಡಚಿದರು.

"ಛಲೋ ಬರದೀರಿ. ಇದರಾಗ ಅಕ್ಕಾರು ಬರದದ್ದು ಯಾವುದ್ರಿ?"

"ಅಕ್ಕ? ಆಕಿ ಯಾವುದೂ ಬರದಿಲ್ರಿ. ಎಲ್ಲಾ ನಂದ."

"ಹಂಗಾದ್ರ ಇದು ನಿಮ್ಮ ಫೈಲಿಗೆ ಹಾಕೂದಾತು," ಎಂದು ಹಾಳೆಯನ್ನು ನನಗೇ ವಾಪಸು ಕೊಟ್ಟರು.

ಆ ಸಿಸ್ಟರ್ ಹೋದ ತಿಂಗಳು ನಿವೃತ್ತರಾದರು. ಮಾನಸಿಕ ಆರೋಗ್ಯದ ತಂಡದಲ್ಲಿ ಅವರು ನರ್ಸು. ಸೋಮವಾರ ಬೈಲಹೊಂಗಲ, ಮಂಗಳವಾರ ಕಿತ್ತೂರು, ಬುಧವಾರ ಸವದತ್ತಿ, ಗುರುವಾರ ರಾಮದುರ್ಗ; ಶುಕ್ರವಾರ ದವಾಖಾನೆಗೆ ಬರಲಾಗದವರ, ಬರಲು ಮನಸ್ಸಿಲ್ಲದವರ ಮನೆಗಳು. ನಾಲ್ಕು ಊರಿನ ಬಸ್ ಕಂಡಕ್ಟರುಗಳಿಗೆ ಅವರ ಛತ್ರಿ ಗೊತ್ತು. ಬಿಸಿಲಿಗೂ ಅಲ್ಲ, ಮಳೆಗೂ ಅಲ್ಲ, ಆ ಛತ್ರಿ ನಾಯಿಗಳಿಗೆ. ಎಂಥ ಸಿಟ್ಟಿನ ಮನುಷ್ಯನ ಎದುರಿಗೂ ತಣ್ಣಗೆ ಕೂರುವ ಈ ಹೆಂಗಸು, ನಮ್ಮ ಓಣಿಯ ಹಲ್ಲಿಲ್ಲದ ಮುದಿ ನಾಯಿಯನ್ನು ಕಂಡರೆ ಛತ್ರಿಯನ್ನು ಕತ್ತಿಯ ಹಾಗೆ ಹಿಡಿದು ಗೋಡೆಗೆ ಬೆನ್ನು ಹಚ್ಚಿ ನಡೆಯುತ್ತಿದ್ದರು.

ಹೆಸರು ಬರೆಯುವುದಿಲ್ಲ. ಬರೆಯಲೇ ಅಂತ ಫೋನಿನಲ್ಲಿ ಕೇಳಿದ್ದೆ. "ಬ್ಯಾಡ್ರಿ. ನನ್ನ ಹೆಸರ ಕಂಡ ಕೂಡಲೆ ಮಂದಿ ಇವರಿಗೆ ಹೆಂಗ ಗುರ್ತು, ಅವರಿಗೆ ಹೆಂಗ ಗುರ್ತು ಅಂತ ಹುಡುಕ್ಯಾಡತಾರ," ಅಂದರು. ಅಕ್ಕನಿಗೂ ಇದನ್ನು ಓದಿ ತೋರಿಸಿದ್ದೇನೆ. ಬರೆಯಲು ಹೇಳಿದವಳೇ ಅವಳು. ಆದರೂ ಎರಡು ಕಡೆ ಹೊಡೆದು ಹಾಕಿದಳು. ಅಲ್ಲಿ ಏನಿತ್ತೆಂದು ಕೇಳಬೇಡಿ. ಒಂದು ಕಡೆ ತಾನೇ ಒಂದು ಸಾಲು ಸೇರಿಸಿದಳು. ಅದು ನನ್ನನ್ನು ಬೈದದ್ದು. ಇಟ್ಟಿದ್ದೇನೆ.

ನಮ್ಮ ಅಜ್ಜ ಸವದತ್ತಿಯಲ್ಲಿ ಪುರಾಣ ಹೇಳುತ್ತಿದ್ದವರು. ಮನೆಯಲ್ಲಿ ತಾಳೆಗರಿಗಳಿದ್ದವಂತೆ. ಈಗ ನನ್ನ ಹತ್ತಿರ ಇರುವುದು ತಾಮ್ರದ ತಂತಿ. ಸುಟ್ಟ ಪಂಪಿನ ಮೋಟಾರುಗಳಿಗೆ ಹೊಸ ಸುತ್ತು ಹಾಕಿ ಕೊಡುವುದು ನನ್ನ ಕಸುಬು. ಇಡೀ ದಿನ 'ಇದು ಯಾಕೆ ಸುಟ್ಟಿತು' ಎಂದು ಯೋಚಿಸುವವನು ಸಂಜೆ ಮನೆಗೆ ಬಂದು 'ಮುಂದೆ ಯಾವುದು ಸುಡುತ್ತದೆ' ಎಂದು ಯೋಚಿಸುತ್ತಾನೆ. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ರಾಮದುರ್ಗಕ್ಕೆ ಕೊಟ್ಟಿತ್ತು. ಮೇಧಾ ಎರಡು ವರ್ಷದವಳಿದ್ದಾಗ ಭಾವ ಮನೆ ಬಿಟ್ಟು ಹೋದರು, ಅಕ್ಕ ಮಗಳನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದಳು. ಅವಳಿಗೆ ನಮಗೆ ಕೇಳಿಸದ ಮಾತುಗಳು ಕೇಳಿಸುತ್ತವೆ. ಗುಳಿಗೆ ತೆಗೆದುಕೊಂಡರೆ ಅವು ದೂರ ಹೋಗಿ ಪಕ್ಕದ ಮನೆಯ ರೇಡಿಯೋದ ಹಾಗಾಗುತ್ತವಂತೆ. ತೆಗೆದುಕೊಳ್ಳದಿದ್ದರೆ ನಮ್ಮ ಮನೆಯ ರೇಡಿಯೋ.

ಕೆಲವು ವರ್ಷಗಳ ಹಿಂದೆ ಅಕ್ಕ ಎರಡು ತಿಂಗಳು ದವಾಖಾನೆಯ ಕಡೆ ಹೋಗಲೇ ಇಲ್ಲ. ಆಗ ಒಂದು ಶುಕ್ರವಾರ ಸಿಸ್ಟರ್ ಮೊದಲ ಸಲ ಮನೆಗೆ ಬಂದರು. ನಾನು, ನನ್ನ ಹೆಂಡತಿ, ನಮ್ಮ ತಾಯಿ ಮೂವರೂ ಬಾಗಿಲಿಗೆ ಬಂದು "ಬರ್ರಿ, ಬರ್ರಿ, ಒಳಗ ಬರ್ರಿ" ಅಂದೆವು. ಅವರು ಬರಲಿಲ್ಲ. ನಮ್ಮ ಮೂರು ತಲೆಗಳ ನಡುವಿನ ಸಂದಿಯಿಂದ ಒಳಗೆ ನೋಡಿ, ಮೂಲೆಯ ಮಂಚದ ಮೇಲೆ ಆ ಕಡೆ ಮುಖ ಮಾಡಿ ಕುಳಿತಿದ್ದ ಅಕ್ಕನನ್ನು ಕೇಳಿದರು.

"ಅಕ್ಕಾರ, ನಾ ಒಳಗ ಬರಲೇನ್ರಿ?"

ಅಕ್ಕ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಸಿಸ್ಟರ್ ಹೊಸ್ತಿಲ ಹೊರಗೆ ಬಿಸಿಲಲ್ಲಿ ನಿಂತರು. ನನ್ನ ತಾಯಿ "ಆಕೀನ ಏನ ಕೇಳತೀರಿ, ಬರ್ರಿ" ಅಂದಳು. ಸಿಸ್ಟರ್ ನಕ್ಕರು, ಕದಲಲಿಲ್ಲ. ನಾನು ಗಡಿಯಾರ ನೋಡಿದೆ: ಒಂದು ನಿಮಿಷ, ಎರಡು, ನಾಲ್ಕು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಆ ಮುದಿ ನಾಯಿ ಕಾಣಿಸಿಕೊಂಡಿತು. ಸಿಸ್ಟರ್ ಮುಖ ಬೆಳ್ಳಗಾಯಿತು, ಛತ್ರಿ ಮುಂದೆ ಬಂತು. ಆದರೂ ಒಳಗೆ ಕಾಲಿಡಲಿಲ್ಲ. ಅಕ್ಕ ಹೊರಳಿ ನೋಡಿದಳು. ನೋಡಿ, "ಬರ್ರಿ, ಅದು ಕಡಿಯೂದಿಲ್ಲ," ಅಂದಳು. ಎರಡು ತಿಂಗಳಲ್ಲಿ ಅವಳು ಹೊರಗಿನವರಿಗೆ ಆಡಿದ ಮೊದಲ ಮಾತು ಅದು.

ಒಳಗೆ ಬಂದವರು ಕುರ್ಚಿಯನ್ನು ತಾವೇ ಸ್ವಲ್ಪ ಸರಿಸಿ ಕುಳಿತರು. ಪ್ರತಿ ಸಲವೂ ಹಾಗೆ ಸರಿಸುತ್ತಿದ್ದರು. ಒಮ್ಮೆ ಕಾರಣ ಕೇಳಿದೆ. "ಬಾಗಲಾ ಇಬ್ಬರಿಗೂ ಇರಬೇಕ್ರಿ. ಅವರಿಗೆ ಎದ್ದ ಹೋಗಬೇಕು ಅನಿಸಿದ್ರ ನಾ ಅಡ್ಡ ಇರಬಾರದು. ನನಗ ಎದ್ದ ಹೋಗಬೇಕು ಅನಿಸಿದ್ರೂ ಅವರು ಅಡ್ಡ ಇರಬಾರದು." ಈಗ ನಾನು ಅಂಗಡಿಯಲ್ಲಿ ಸಿಟ್ಟಿನ ಗಿರಾಕಿ ಬಂದರೆ ಹೀಗೆಯೇ ಸ್ಟೂಲು ಸರಿಸುತ್ತೇನೆ. ಉಪಯೋಗವಿದೆ.

ಆ ಮೊದಲ ದಿನವೇ ಗುಳಿಗೆಯ ಮಾತು ಬಂತು. ನಾನು ಎದೆ ಉಬ್ಬಿಸಿ, "ದವಾಖಾನಿಗೆ ಬರದಿದ್ರೇನಾತ್ರಿ, ಗುಳಿಗಿ ಮಾತ್ರ ಒಂದ ದಿನಾನೂ ತಪ್ಪಿಸಿಲ್ಲ. ನಾನ ಬಂದು ಒಯ್ದಿರತೇನಿ, ನಾನ ಅರದು ಆಕಿ ಚಹಾದಾಗ ಹಾಕಿಬಿಡತೇನಿ. ಆಕಿಗೆ ಗೊತ್ತೂ ಆಗೂದಿಲ್ಲ," ಅಂದೆ. ಅಕ್ಕನ ಎದುರಿಗೇ, ಪಿಸುಮಾತಿನಲ್ಲಿ. ಅವಳಿಗೆ ಇಲ್ಲದ ಮಾತೂ ಕೇಳಿಸುವಾಗ ಇದ್ದ ಮಾತು ಕೇಳಿಸಲಿಕ್ಕಿಲ್ಲ ಎಂದುಕೊಂಡ ಬುದ್ಧಿವಂತ ನಾನು. (ಅಕ್ಕ ಸೇರಿಸಿದ ಸಾಲು ಇದೇ.)

ಅಕ್ಕ ನಕ್ಕಳು. "ಸಿಸ್ಟರ್, ಮೂರು ಸಲ ಇವನ ಕುಡದಾನ. ನಾ ಕಪ್ಪು ಅದಲಬದಲ ಮಾಡಿದ್ದೆ."

ನನಗೆ ಕೂತಲ್ಲೇ ಮೂರೂ ದಿನಗಳು ನೆನಪಾದವು. ಒಮ್ಮೆ ಬೈಲಹೊಂಗಲಕ್ಕೆ ಹೊರಟವನು ಬಸ್ಸಿನಲ್ಲಿ ನಿದ್ದೆ ಹೋಗಿ ಕಿತ್ತೂರಿನಲ್ಲಿ ಎದ್ದಿದ್ದೆ. ಒಮ್ಮೆ ಊಟದ ಎಲೆಯ ಮುಂದೆ ಗೊರಕೆ ಹೊಡೆದಿದ್ದೆ. ಇನ್ನೊಮ್ಮೆ ಉಗರಗೋಳದ ರೈತರೊಬ್ಬರ ಮೋಟಾರಿಗೆ ತಂತಿಯ ತುದಿಗಳನ್ನು ತೂಕಡಿಸುತ್ತ ತಪ್ಪಾಗಿ ಜೋಡಿಸಿದ್ದೆ. ಅದು ಉಲ್ಟಾ ತಿರುಗಿತು. ಅವರು ಬಂದು, "ನೀರ ಮ್ಯಾಲ ಬರವಲ್ದು, ಮೋಟರ ಮಾತ್ರ ನನ್ನ ನೋಡಿ ಗುರ್‍ರ್ ಅಂತ ನಗತೈತಿ" ಎಂದಾಗ, "ನಿಮ್ಮ ಲೈನಿನ ದೋಷ ಅದು" ಎಂದು ಗತ್ತಿನಿಂದ ಹೇಳಿ ಕಳಿಸಿದ್ದೆ.

ನಾನು ಎಣಿಸಿದಂತೆ ಸಿಸ್ಟರ್ ನಗಲಿಲ್ಲ. ಮೊದಲು ನನ್ನನ್ನು ವಿಚಾರಿಸಿಕೊಂಡರು. ತಲೆ ತಿರುಗಿತ್ತೇ, ಆ ದಿನ ಗಾಡಿ ಓಡಿಸಿದ್ದೆನೇ, ಬೇರೆ ಏನಾದರೂ ಔಷಧಿ ನಡೆದಿದೆಯೇ. ಎಲ್ಲವನ್ನೂ ಬರೆದುಕೊಂಡರು. ಆಮೇಲೆ, "ಕದ್ದ ಕೊಟ್ಟದ್ದು ಔಷಧ ಆಗೂದಿಲ್ರಿ, ಬರೇ ಪುಡಿ. ಯಾರಿಗೆ ಎಷ್ಟ ಹೋತು ಅನ್ನೂದೂ ತಿಳಿಯೂದಿಲ್ಲ, ಯಾಕ ಬ್ಯಾಡ ಅಂತಾರ ಅನ್ನೂದೂ ತಿಳಿಯೂದಿಲ್ಲ," ಅಂದು ಅಕ್ಕನ ಕಡೆ ತಿರುಗಿದರು. "ಯಾಕ ಬ್ಯಾಡ ಅನಿಸ್ತ್ರಿ?"

"ಕೈ ನಡುಗತಾವ. ರಂಗೋಲಿ ಎಳಿ ಎಳೀಲಿಕ್ಕೆ ಬರವಲ್ದು. ನಾಕು ಮಂದಿ ಮುಂದ ಚಹಾದ ಕಪ್ಪು ಹಿಡೀಲಿಕ್ಕೆ ನಾಚಿಕಿ. ಯಾರೂ ಕೇಳಲೇ ಇಲ್ಲ."

ಎರಡು ತಿಂಗಳು ಗುಳಿಗೆ ಅರೆದ ನನ್ನ ಕೈ ನೋಡಿಕೊಂಡೆ. ಕೇಳುವುದು ಅರೆಯುವುದಕ್ಕಿಂತ ಸುಲಭವಿತ್ತು.

"ಗುಳಿಗಿ ಬದಲ ಮಾಡೂದು ಡಾಕ್ಟರ ಕೆಲಸ. ಅವರಿಗೆ ಹೇಳೂದು ನಮ್ಮ ಕೆಲಸ. ಬುಧವಾರ ಬರತೀರೇನು? ಇಬ್ಬರೂ ಕೂಡೇ ಹೇಳೂಣು," ಅಂದರು ಸಿಸ್ಟರ್. ಅಕ್ಕ ಹೋದಳು. ಡಾಕ್ಟರು ಬದಲಿಸಿದರು. ನಡುಕ ಮುಕ್ಕಾಲು ಹೋಯಿತು, ಕಾಲು ಭಾಗ ಉಳಿಯಿತು. ಆದರೆ ಆ ಮೊದಲ ದಿನ ಓಣಿ ದಾಟಿ ಹೋದ ಮೇಲೆ ಸಿಸ್ಟರ್ ಒಬ್ಬರೇ ಛತ್ರಿಗೆ ಆತು ನಿಂತು ನಕ್ಕದ್ದನ್ನು ಹಾಲಿನವನು ನೋಡಿದನಂತೆ.

ಅಂದಿನಿಂದ ಗುಳಿಗೆ ಅಂಗೈ ಮೇಲೆ. ಅದು ಅವರ ಪದ್ಧತಿ. ಗುಳಿಗೆಯನ್ನು ಅಂಗೈಯಲ್ಲಿಟ್ಟು ಅದರ ಹೆಸರು, ಅದು ಮಾಡುವ ಒಳ್ಳೆಯದು, ಅದು ಕೊಡಬಹುದಾದ ತೊಂದರೆ, ಮೂರನ್ನೂ ಹೊಸ ಸೊಸೆಯನ್ನು ಪರಿಚಯಿಸುವ ಹಾಗೆ ಹೇಳುತ್ತಿದ್ದರು. ಈಗ ಔಷಧಿ ಅಂಗಡಿಯವರು ತಪ್ಪು ಉಚ್ಚರಿಸಿದರೆ ಅಕ್ಕ ತಿದ್ದುತ್ತಾಳೆ. ಪುರಾಣದ ಮನೆತನ, ಎಲ್ಲೋ ಒಂದು ಕಡೆ ಹೊರಬೀಳಲೇಬೇಕು.

ಚಹಾ ಕುಡಿಯಲು ಸಿಸ್ಟರ್ ತಮ್ಮದೇ ಕಪ್ಪು ತರುತ್ತಿದ್ದರು. ನೀಲಿ ಅಂಚಿನ ಸಣ್ಣ ಸ್ಟೀಲಿನದು, ಚೀಲದ ಹೊರಜೇಬಿನಲ್ಲಿ. "ಎಲ್ಲಾ ಮನ್ಯಾಗೂ ಇದ ಕಪ್ಪರಿ," ಅನ್ನುತ್ತಿದ್ದರು. ಸ್ವಚ್ಛತೆಯ ಹುಚ್ಚು ಇರಬೇಕೆಂದುಕೊಂಡೆ. ಅವರು ಸುರೇಬಾನದವರು, ಬೌದ್ಧರ ಮನೆಯವರು. ಇಪ್ಪತ್ತೈದು ವರ್ಷ ನಮ್ಮಂಥ ಮನೆಗಳಿಗೆ ಹೋಗಿ, ಯಾವ ಯಾವ ಮನೆಯಲ್ಲಿ ತಮಗೆಂದು ಬೇರೆ ಕಪ್ಪು ಎತ್ತಿಡುತ್ತಾರೆ ಎಂದು ನೋಡಿ ನೋಡಿ, ಕಡೆಗೆ ತಾವೇ ಆ ತೊಂದರೆ ತಪ್ಪಿಸಿದ್ದರು. ಇದು ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು. ನಮ್ಮ ತಾಯಿ ಎತ್ತಿಟ್ಟ ಬೇರೆ ಕಪ್ಪು ಯಾವ ಮೂಲೆಯಲ್ಲಿ ಇತ್ತೆಂಬುದು ಗೊತ್ತಿದ್ದೂ ಹೊಳೆಯಲಿಲ್ಲ. ಅಕ್ಕನಿಗೆ ಮೊದಲೇ ಹೊಳೆದಿತ್ತು. ಒಂದು ದಿನ ಸಿಸ್ಟರ್ ಚಹಾ ಕುಡಿದಾದ ಮೇಲೆ ಅವರ ಕಪ್ಪನ್ನು ಇಸಿದುಕೊಂಡು, ತೊಳೆದು, ನಮ್ಮೆಲ್ಲರ ಕಪ್ಪುಗಳ ಸಾಲಿನಲ್ಲಿ ಬೋರಲು ಹಾಕಿ, "ಇಲ್ಲೇ ಇರಲಿ. ಪ್ರತಿ ಸಲ ಯಾಕ ಹೊರತೀರಿ?" ಅಂದಳು. ನಮ್ಮ ತಾಯಿ ಏನೋ ಅನ್ನಲು ಬಾಯಿ ತೆರೆದಳು, ಅಕ್ಕನ ಮುಖ ನೋಡಿ ಆಕಳಿಸಿದ ಹಾಗೆ ಮಾಡಿದಳು. ಆ ಕಪ್ಪು ಈಗಲೂ ನಮ್ಮಲ್ಲೇ ಇದೆ.

ಒಂದು ಸಲ ಸಿಸ್ಟರ್ ತಪ್ಪು ಮಾಡಿದರು. ಅದೇ ಗುಳಿಗೆಯ ಹೆಚ್ಚು ಪವರಿನ ಪಟ್ಟಿಯನ್ನು ಅಕ್ಕನಿಗೆ ಕೊಟ್ಟು ಹೊರಟುಹೋದರು. ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಬಸ್ಸಿನಲ್ಲಿ ತಮ್ಮ ಚೀಲ ನೋಡಿಕೊಂಡಾಗ ಅವರಿಗೆ ತಿಳಿಯಿತು. ಕೂಡಲೇ ಫೋನು ಮಾಡಿ "ಅದನ್ನ ಮುಟ್ಟಬ್ಯಾಡ್ರಿ" ಅಂದವರು, ಅರ್ಧ ದಾರಿಯಲ್ಲಿ ಇಳಿದು, ಎದುರು ಬಂದ ಟ್ರ್ಯಾಕ್ಸು ಜೀಪು ಹಿಡಿದು ವಾಪಸು ಬಂದರು. ನನ್ನ ಮುಂದೆ ಅಲ್ಲ, ಅಕ್ಕನ ಮುಂದೆ ಕುಳಿತು, "ನನ್ನ ತಪ್ಪಾತು ಅಕ್ಕಾರ. ಡಾಕ್ಟರಿಗೂ ಹೇಳೇನಿ, ಬರದೂ ಇಡತೇನಿ," ಅಂದರು.

"ಯಾರಿಗೂ ಗೊತ್ತಾಗ್ತಿದ್ದಿಲ್ಲ ಬಿಡ್ರಿ. ಬರದ್ಯಾಕ ಇಡತೀರಿ?" ಅಂದೆ ನಾನು, ಉಪಕಾರ ಮಾಡುವವನ ಹಾಗೆ.

"ಬರದಿಟ್ರ ಮುಂದ ಬರೂ ಸಿಸ್ಟರಿಗೆ ಅನುಕೂಲ ಆಗತೈತ್ರಿ. ಎರಡೂ ಪಟ್ಟಿ ಒಂದ ಬಣ್ಣದ್ದು ಅದಾವು."

ಮೂವತ್ತು ವರ್ಷದಲ್ಲಿ ನಾನು ಒಬ್ಬ ಗಿರಾಕಿಗೂ 'ನನ್ನ ತಪ್ಪು' ಎಂದವನಲ್ಲ. ಮರುದಿನ ಉಗರಗೋಳಕ್ಕೆ ಹೋಗಿ ಆ ರೈತರಿಗೆ, ದೋಷ ನಿಮ್ಮ ಲೈನಿನದಲ್ಲ, ನನ್ನ ಜೋಡಣೆಯದು ಎಂದೆ. ಅವರು ತಂತಿ ಬದಲಿಸಿಕೊಂಡು ಯಾವಾಗಲೋ ನೀರು ಎತ್ತುತ್ತಿದ್ದರು. "ಅದು ಅವತ್ತ ಗೊತ್ತಾಗಿತ್ತ ಬಿಡ್ರಿ. ನೀವು ಭಾಳ ಗತ್ತಿಲೆ ಹೇಳಿದ್ರಿ, ಎದುರ ಮಾತಾಡೂದ ಬ್ಯಾಡ ಅಂತ ಸುಮ್ನಾದ್ವಿ," ಅಂದರು. ಸಾಲದ್ದಕ್ಕೆ ಒಂದು ಚೀಲ ಬದನೆಕಾಯಿ ಬೇರೆ ಕೊಟ್ಟರು.

ಈಗ ಬಸ್‌ಸ್ಟ್ಯಾಂಡಿನ ವಿಷಯ. ನಾಲ್ಕೂ ಊರಲ್ಲಿ ಸಿಸ್ಟರಿಗೆ ಸೊಕ್ಕಿನಾಕೆ ಎಂದು ಹೆಸರಿತ್ತು. ದವಾಖಾನೆಯಲ್ಲಿ ಅಷ್ಟು ಚಂದ ಮಾತಾಡುವವರು ಹೊರಗೆ ಎದುರಾದರೆ ಗೋಡೆ ನೋಡಿದ ಹಾಗೆ ನೋಡಿ ಹೋಗುತ್ತಿದ್ದರು. ಒಮ್ಮೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ನನಗೂ ಹಾಗಾಯಿತು. ನಾನು ಇಡೀ ವಾರ ನಿದ್ದೆಗೆಟ್ಟು ಏನು ತಪ್ಪು ಮಾಡಿದೆನೆಂದು ಹುಡುಕಿದೆ, ಒಂಬತ್ತು ಸಿಕ್ಕವು. ಬುಧವಾರ ಒಂಬತ್ತಕ್ಕೂ ಕ್ಷಮೆ ಕೇಳಿದೆ.

"ಅಯ್ಯ, ಸಿಟ್ಟಲ್ರೀ! ಹೊರಗ ನಾ ಯಾರನೂ ಮೊದಲ ಮಾತಾಡಸೂದಿಲ್ಲ. ನಾ ನಮಸ್ಕಾರ ಅಂದ್ರ ನಿಮ್ಮ ಬಾಜೂಕ ನಿಂತವರು, ಈ ಸಿಸ್ಟರ್ ನಿಮಗ ಹೆಂಗ ಗುರ್ತು ಅಂತಾರ. ಅದಕ್ಕ ಉತ್ತರಾ ಹೇಳೂದು ಬಿಡೂದು ನಿಮಗ ಸೇರಿದ್ದು. ನೀವಾಗಿ ಮಾತಾಡಸಿದ್ರ ಹಾಡೇ ಹಾಡತೇನಿ ಬೇಕಾದ್ರ."

ನಮ್ಮ ಕಾಕೂ, ಅಂದರೆ ಬೈಲಹೊಂಗಲದಲ್ಲಿರುವ ನಮ್ಮ ಅಪ್ಪನ ತಮ್ಮ ಕಾಕಾನ ಹೆಂಡತಿ, ಸುದ್ದಿ ಹಿಂಡುವುದರಲ್ಲಿ ಎತ್ತಿದ ಕೈ. ಒಮ್ಮೆ ನಮ್ಮ ಮನೆಗೆ ಬಂದಾಗ ಸಿಸ್ಟರನ್ನು ಮೂಲೆಗೆ ಹಾಕಿಕೊಂಡು, "ಕಿತ್ತೂರಾಗ ನಿಮ್ಮ ಕಡೆ ಯಾರ್‍ಯಾರು ಬರತಾರ್‍ರಿ?" ಅಂತ ಕೇಳಿದಳು.

"ಮಂದಿ ಬರತಾರ್‍ರಿ."

"ಅದಲ್ರಿ, ಯಾವ ಮನೆತನದವರು?"

"ಮನ್ಯಾಗ ಇರೂ ಮಂದೀನ ಬರತಾರ್‍ರಿ."

ಹೀಗಾಗಿ ಈ ಬರಹಕ್ಕೆ ನನ್ನ ಹತ್ತಿರ ಬೇರೆ ಮನೆಗಳ ಕಥೆ ಒಂದೂ ಇಲ್ಲ. ಅಷ್ಟು ವರ್ಷ ನಾಲ್ಕು ಊರು ಸುತ್ತಿದ ಮನುಷ್ಯರ ಬಗ್ಗೆ ಬರೆಯಲು ಕುಳಿತರೆ ಸಿಕ್ಕುವುದು ನಮ್ಮ ಮನೆ, ಒಂದು ನಾಯಿ, ಒಂದು ಕಪ್ಪು.

ಮೇಧಾಳಿಗೆ ಕಿತ್ತೂರಿನ ಹುಡುಗ ಗೊತ್ತಾದ. ಬೀಗರು ಮಾತುಕತೆಗೆ ಬಂದ ದಿನ 'ಅಕ್ಕನ ವಿಷಯ ಹೇಳಬೇಕೋ ಬೇಡವೋ' ಎಂದು ನಾವು ಅಡುಗೆಮನೆಯಲ್ಲಿ ಪಿಸುಪಿಸು ನಡೆಸಿದ್ದಾಗ, ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದು ಪಡಸಾಲೆಗೆ ಹೋಗಿ ಬೀಗಿತ್ತಿಯ ಎದುರು ಕುಳಿತೇಬಿಟ್ಟಳು. "ನನಗ ತಲಿಗೆ ಸಂಬಂಧಪಟ್ಟ ಗುಳಿಗಿ ಅದಾವ. ತಪ್ಪದ ತಗೋತೇನಿ. ಮೊದಲ ಹೇಳಿರಬೇಕು ಅಂತ ಹೇಳಿದೆ." ಬೀಗಿತ್ತಿ ಒಂದು ಗಳಿಗೆ ಮಗನ ಮುಖ ನೋಡಿದರು, ಆಮೇಲೆ ತಮ್ಮ ಕೈಚೀಲ ಬಿಚ್ಚಿದರು. "ನನಗ ಬಿಪಿದ್ದು ಎರಡು, ಥೈರಾಯ್ಡಿದ್ದು ಒಂದು. ನಿಮ್ಮವು ಎಷ್ಟರಿ?" ಇಬ್ಬರೂ ಪಟ್ಟಿಗಳನ್ನು ಹರವಿಕೊಂಡು ಕುಳಿತರು. ಅಡುಗೆಮನೆಯಲ್ಲಿ ನಾವು ಇನ್ನೂ ಪಿಸುಗುಡುತ್ತಲೇ ಇದ್ದೆವು.

ಅಕ್ಕ ಮಂಟಪದಲ್ಲಿ ಇರುವುದಕ್ಕೆ ಒಪ್ಪದವನು ಕಾಕಾ ಒಬ್ಬನೇ. ಭಾವನ ಬದಲು ಕನ್ಯಾದಾನ ಮಾಡುವವನು ಅವನು. ಧಾರೆಯ ನೀರು ಹಾಕುವವಳು ಕಾಕೂ ಎಂದು ಅವನೇ ಗೊತ್ತು ಮಾಡಿದ್ದ. ಒಂದು ಶುಕ್ರವಾರ ಸಿಸ್ಟರ್ ಬರುವ ಹೊತ್ತಿಗೆ ಸರಿಯಾಗಿ ಸವದತ್ತಿಗೆ ಬಂದು ಕುಳಿತ. ನಿವೃತ್ತ ಹೆಡ್‌ಮಾಸ್ತರ, ಮಾತೆಲ್ಲ ನೋಟೀಸಿನ ಹಾಗೆ.

"ಸಿಸ್ಟರ್, ಒಂದು ಸಣ್ಣ ಇಂಜೆಕ್ಷನ್ನಿನ ವ್ಯವಸ್ಥಾ ಆಗಬೇಕು. ಮುಂಜಾನೆ ಕೊಟ್ರ ಸಂಜಿತನಕಾ ಆರಾಮ ಮಲಗಿರತಾಳ. ಮಂಟಪದ ಮ್ಯಾಲಿನ ಖೋಲಿ ಹೇಳಿಟ್ಟೇನಿ. ಆಕಿಗೂ ತ್ರಾಸಿಲ್ಲ, ನಮಗೂ ತ್ರಾಸಿಲ್ಲ."

"ಈಗ ಯಾರಿಗೆ ತ್ರಾಸ ಆಗೇತ್ರಿ?"

"ಈಗ ಇಲ್ಲ. ಮುಂದ ಆಗಬಹುದಲ್ಲ?"

"ಆಗಬಹುದು ಅನ್ನೂದಕ್ಕ ಇಂಜೆಕ್ಷನ್ ಕೊಡೂದಾದ್ರ," ಸಿಸ್ಟರ್ ನನ್ನ ಕಡೆ ಬೆರಳು ತೋರಿಸಿದರು, "ಮೊದಲ ನಿಮ್ಮ ಅಣ್ಣನ ಮಗಗ ಕೊಡಬೇಕಾಗತೈತ್ರಿ."

ಕಾಕಾ ನಗಲಿಲ್ಲ. "ಇದು ಚೇಷ್ಟೆ ಅಲ್ಲ. ಹುಡುಗಿ ಮದುವಿ."

"ಅದಕ್ಕ ಹೇಳತೇನ್ರಿ. ಅಕ್ಕಾರು ಆರಾಮ ಅದಾರ. ಆರಾಮ ಇದ್ದವರನ್ನ ನಮ್ಮ ಸಮಾಧಾನಕ್ಕ ಮಲಗಸೂದು ಔಷಧ ಅಲ್ಲ, ಕೀಲಿ. ನನ್ನ ಕೈಲೆ ಆಗೂದಿಲ್ಲ. ಯಾರ ಕೈಲೆ ಮಾಡಸತೇನಿ ಅಂದ್ರೂ ನಾ ಡಾಕ್ಟರಿಗೆ ಹೇಳತೇನಿ." ದನಿ ಏರಲೇ ಇಲ್ಲ. "ಮೊದಲ ಅವರನ್ನ ಕೇಳೂಣ್ರಿ."

ಅಕ್ಕ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ನನ್ನ ಮಗಳ ಧಾರಿ ನೀರು ನಾ ಹಾಕಬೇಕು. ಆಕಿ ಹುಟ್ಟಿ ಇಪ್ಪತ್ತಾರು ವರ್ಷದಾಗ ಇದೊಂದ ಕೇಳೇನಿ."

"ಕೈ ನಡುಗತಾವಲ್ಲ ಮಗಳ," ಅಂದ ಕಾಕಾ, ಸ್ವಲ್ಪ ಮೆತ್ತಗೆ.

"ನಡುಗಲಿ. ನೀರು ಬೀಳಲಿಕ್ಕೇ ಅಲ್ಲೇನು ಹಾಕೂದು?"

 ಕಾಕಾ ಚಹಾ ಕುಡಿದು, ಕಪ್ಪು ಕೆಳಗಿಟ್ಟು, "ಭಟ್ಟರನ್ನ ಕೇಳತೇನಿ," ಎಂದು ಎದ್ದ. ಭಟ್ಟರು, ತಾಯಿ ಹಾಕಿದರೆ ಅಡ್ಡಿ ಏನದ, ಅಂದರಂತೆ.

ಮರುವಾರ ಸಿಸ್ಟರ್ ನನ್ನ ಮೂವತ್ತೆರಡು ಬಾಬಿನ ಯಾದಿ ನನಗೇ ವಾಪಸು ಕೊಟ್ಟದ್ದು. ಅಕ್ಕನ ಕೈಗೆ ಖಾಲಿ ಹಾಳೆ ಕೊಟ್ಟು, ನಿಮಗೇನು ಬೇಕು ಬರೀರಿ ಅಂದರು. ಅಕ್ಕ ಬರೆದದ್ದು ಮೂರೇ. ಒಂದು: ವಾಜಂತ್ರಿ ಸದ್ದು ಹೆಚ್ಚಾದರೆ ನಾನು ಕಾಯಿಪಲ್ಯದ ಖೋಲಿಯೊಳಗೆ ಹತ್ತು ನಿಮಿಷ ಕುಳಿತು ಬರುತ್ತೇನೆ, ಯಾರೂ ಹುಡುಕಬಾರದು. ಎರಡು: ಮಧ್ಯಾಹ್ನದ ಗುಳಿಗೆ ನನ್ನ ಉಡಿಯಲ್ಲೇ ಇರುತ್ತದೆ, ನೆನಪು ಮಾಡಬಾರದು. ಮೂರು: ತಮ್ಮ ನನ್ನ ಮುಖ ನೋಡುತ್ತ ನಿಲ್ಲಬಾರದು.

ಆಮೇಲೆ ಮದುವೆಯ ತನಕ ಹಿತ್ತಲಿನಲ್ಲಿ ಗಿಂಡಿಯ ಅಭ್ಯಾಸ ನಡೆಯಿತು. ಎಡಗೈಯಿಂದ ಬಲ ಮುಂಗೈ ಹಿಡಿದರೆ ನಡುಕ ಅರ್ಧ ಇಳಿಯುತ್ತದೆ ಎಂದು ಸಿಸ್ಟರ್ ತೋರಿಸಿಕೊಟ್ಟರು. ಮೇಧಾ ಕೆಳಗೆ ಬೊಗಸೆ ಒಡ್ಡಿ ನಿಲ್ಲುತ್ತಿದ್ದಳು, ನೀರು ಕರಿಬೇವಿನ ಬುಡಕ್ಕೆ. ಅಕ್ಕ ಸಿಸ್ಟರನ್ನು ಮದುವೆಗೆ ಕರೆದಳು. ಅವರು ಛತ್ರಿಯ ಹಿಡಿಕೆ ತಿರುವುತ್ತ, "ನಾ ಬಂದ್ರ ಮಂದಿ ಕೇಳತಾರ್‍ರಿ, ಇವರು ಹೆಂಗ ಗುರ್ತು ಅಂತ," ಅಂದರು.

"ಕೇಳಲಿ. ಹೇಳೂದು ಬಿಡೂದು ನನಗ ಸೇರಿದ್ದಲ್ಲೇನ್ರಿ?"

ಮದುವೆ ಬೈಲಹೊಂಗಲದಲ್ಲಿ, ಒಂದು ರವಿವಾರ. ಸಿಸ್ಟರ್ ಬಂದರು, ಹಸಿರು ಇಳಕಲ್ ಸೀರೆ, ಕೈಯಲ್ಲಿ ಛತ್ರಿ. ಬಾಗಿಲಲ್ಲಿ ನಿಂತು ಯಾರನ್ನೂ ನೋಡದೆ ಗೋಡೆಯ ಕಡೆಯ ಖಾಲಿ ಕುರ್ಚಿಗಳತ್ತ ನಡೆದರು. ನಾನು ಸಭೆಯನ್ನು ನೋಡಿದೆ. ನಮ್ಮ ಕಡೆಯ ಒಬ್ಬರು ಇದ್ದಕ್ಕಿದ್ದಂತೆ ಚಪ್ಪಲಿ ಹುಡುಕತೊಡಗಿದರು. ಬೀಗರ ಕಡೆಯ ಇಬ್ಬರು ಹೆಂಗಸರು ಚಾವಣಿಯ ಫ್ಯಾನಿನ ಬಗ್ಗೆ ಮಾತಾಡತೊಡಗಿದರು. ಇನ್ನೊಬ್ಬರು ಲಗ್ನಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು. ಅವರಲ್ಲಿ ಯಾರಿಗೆ ಗುರುತು, ಯಾರಿಗೆ ಇಲ್ಲ, ನನಗೆ ಗೊತ್ತಿಲ್ಲ; ಸಿಸ್ಟರ್ ಎಂದೂ ಹೇಳುವವರಲ್ಲ. ನನ್ನ ಮನೆಯ ಗುಟ್ಟೊಂದೇ ಗುಟ್ಟು ಎಂದು ಇಷ್ಟು ವರ್ಷ ಬೆವರಿದ್ದೆನಲ್ಲ ಅನಿಸಿತು.

ಅಷ್ಟರಲ್ಲಿ ಮಂಟಪದ ಮೇಲಿಂದ ಅಕ್ಕನ ದನಿ, ವಾಜಂತ್ರಿಯನ್ನೂ ಮೀರಿ: "ಸಿಸ್ಟರ್! ಅಲ್ಲ್ಯಾಕ ಕೂತ್ರಿ? ಮುಂದ ಬರ್ರಿ!"

ಸಿಸ್ಟರ್ ಎದ್ದರು. ಮುಖ ಅರಳಿತು. "ಬಂದ್ಯರೀ ಅಕ್ಕಾರ!" ಎಂದು ಅಷ್ಟೇ ದೊಡ್ಡ ದನಿಯಲ್ಲಿ ಕೂಗಿ ಮೊದಲ ಸಾಲಿಗೆ ಬಂದರು. ಚಪ್ಪಲಿ ಹುಡುಕುತ್ತಿದ್ದವರು ಬಗ್ಗಿದಲ್ಲಿಂದ ತಲೆ ಎತ್ತಿ, ತಾವಾಗಿಯೇ "ನಮಸ್ಕಾರ್ರಿ ಸಿಸ್ಟರ್" ಅಂದರು.

ಮುಂದಿನದ್ದನ್ನು ಬೇಗ ಹೇಳುತ್ತೇನೆ, ಯಾಕೆಂದರೆ ಬೇಗ ಆಗಿಹೋಯಿತು. ಸೋದರಮಾವನಾಗಿ ನಾನು ಮೇಧಾಳನ್ನು ಕರೆತಂದು ಅಂತಃಪಟದ ಈಚೆ ನಿಲ್ಲಿಸಿದೆ. ಯಾರೋ ಕೈಗೆ ಅಕ್ಷತೆ ಕೊಟ್ಟರು. ಅಕ್ಕ ಕಾಯಿಪಲ್ಯದ ಖೋಲಿಯಲ್ಲಿ ಹತ್ತು ನಿಮಿಷ ಕುಳಿತು, ಸೆರಗಿಗೆ ಒಂದು ಕೊತ್ತಂಬರಿ ಎಲೆ ಅಂಟಿಸಿಕೊಂಡು ಬಂದು ಗಿಂಡಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಮುಖ ನೋಡಬೇಡ ಎಂದಿದ್ದಳು, ಗಿಂಡಿ ನೋಡಬೇಡ ಎಂದಿರಲಿಲ್ಲ. ನಾನು ಗಿಂಡಿ ನೋಡಿದೆ. ಮಂಗಳಾಷ್ಟಕ ನಡೆದಿತ್ತು, ನೀರಿನ ಅಂಚು ಗಿಂಡಿಯ ಕಂಠದೊಳಗೆ ಅಲುಗುತ್ತಿತ್ತು, ತುಳುಕುತ್ತಿರಲಿಲ್ಲ. ಎಲ್ಲೋ ವಾಜಂತ್ರಿ ಜೋರಾಯಿತು, ಏನೋ ತಲೆಯ ಮೇಲೆ ಮಳೆಯ ಹಾಗೆ ಬಿತ್ತು. ನಾನು ಗಿಂಡಿ ನೋಡುತ್ತಲೇ ಇದ್ದೆ. ಆಮೇಲೆ ಕಾಕಾ ಕೈ ಒಡ್ಡಿ ಕುಳಿತ. ಅಕ್ಕ ಎಡಗೈಯಿಂದ ಬಲ ಮುಂಗೈ ಹಿಡಿದು ಬಗ್ಗಿದಳು. ನೀರು ಒಂದು ಎಳೆಯಾಗಿ, ಅಲ್ಲಲ್ಲಿ ಸ್ವಲ್ಪ ಸೊಟ್ಟಗೆ, ನಿಲ್ಲದೆ ಇಳಿಯಿತು. ಕಾಕಾನ ಕೈ ಅವಳ ಕೈಗಿಂತ ಹೆಚ್ಚು ನಡುಗುತ್ತಿತ್ತು. ಸಿಸ್ಟರ್ ಮೂಗು ಒರೆಸಿಕೊಂಡದ್ದು ನೆಗಡಿಗಂತೆ.

ಕರೆಂಟು ಹೋಗಲಿಲ್ಲ. ಶ್ರೀಖಂಡ ಹುಳಿಯಾಗಲಿಲ್ಲ. ಯಾರೂ ಬಸ್ಸು ಹತ್ತಲಿಲ್ಲ.

ಊಟಕ್ಕೆ ಕುಳಿತೆವು. ಅಕ್ಕ, ಸಿಸ್ಟರ್, ನಾನು, ಒಂದೇ ಸಾಲು. ಅನ್ನ ಬಂತು, ಸಾರು ಬಂತು. ಕಲಸಲು ಹೋದರೆ ನನ್ನ ಬಲಗೈ ಬಿಚ್ಚುತ್ತಿಲ್ಲ. ಒಂದೊಂದೇ ಬೆರಳು ಬಿಡಿಸಿ ನೋಡಿದೆ: ಬೆವರಿಗೆ ಒದ್ದೆಯಾಗಿ, ಕುಂಕುಮ ಕರಗಿ, ಅಂಗೈ ತುಂಬ ಅಂಟಿಕೊಂಡ ಅಕ್ಕಿಕಾಳು. ಇಡೀ ಮಂಟಪದಲ್ಲಿ ಮೇಧಾಳ ತಲೆಗೆ ಅಕ್ಷತೆ ಹಾಕದೆ ಉಳಿದವನು ಅವಳ ಸೋದರಮಾವ ಒಬ್ಬನೇ.